ಬೆಟ್ಟದ ಮೇಲೆ ಹೂತಿಟ್ಟ ಕೇಕಿನ ಡಬ್ಬಿ

ಕಾಲ್‌ಗೂರ್ಲಿ, ಪಶ್ಚಿಮ ಆಸ್ಟ್ರೇಲಿಯಾ
೨೭ ಜೂನ್ ೨೦೨೨

ಡಾರ್ಸಿ ಹ್ಯಾನಫರ್ಡ್ ಅವರಿಗೆ,

ನನ್ನ ಕೈಬರಹ ನಿಮಗೆ ಗುರುತು ಸಿಗಲಿಕ್ಕಿಲ್ಲ. ನಾನು ಕೋರಲ್, ರೆಕ್ಸ್ ಟಾಲಿಡೇಯ ಹೆಂಡತಿ. ನಮ್ಮ ಮದುವೆಗೆ ನೀವು ಫೋರ್ಡ್‌ನ ನೀಲಿ ಟೋಪಿ ಹಾಕಿಕೊಂಡೇ ಚರ್ಚಿನೊಳಗೆ ಬಂದು ನಮ್ಮಮ್ಮನ ಕೈಲಿ ಬೈಸಿಕೊಂಡಿದ್ದಿರಿ. ಆಮೇಲೆ ನಾವು ಎದುರುಬದುರಾದದ್ದು ತೀರಾ ಅಪರೂಪ.

ರೆಕ್ಸ್ ಹೋಗಿಬಿಟ್ಟ. ಕಳೆದ ವಾರ ಬೆಳಿಗ್ಗೆ ಟೀ ಕೇಳಿದ. ನಾನು ತರುವಷ್ಟರಲ್ಲಿ ಇರಲಿಲ್ಲ. ನಿಮಗೆ ಫೋನ್ ಮಾಡಬೇಕಿತ್ತು ಎಂದು ಮಗಳು ಜೆನೀನ್ ಬೈದಳು. ಫೋನಿನಲ್ಲಿ ನನಗೆ ಅಳು ಬರುತ್ತದೆ, ಕಾಗದದಲ್ಲಿ ಬರುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಈಚೆಗೆ ಅವನು ದಿನಾ ಒಂದೇ ಮಾತು ಹೇಳುತ್ತಿದ್ದ: "ಈ ಅಕ್ಟೋಬರ್‌ಗೆ ಹೋಲ್ಡನ್ ಕಾರು ಕಡೇ ಸಲ ಬೆಟ್ಟ ಹತ್ತುತ್ತೆ ಕಣೇ. ಅಷ್ಟರೊಳಗೆ ನನ್ನನ್ನ ಅಲ್ಲಿಗೆ ಸೇರಿಸಿಬಿಡು. ಡಾರ್ಸಿಗೆ ಕೊಡು, ನಮ್ಮ ಗುಂಡೀಲಿ ಇಡ್ತಾನೆ." ಯಾವ ಗುಂಡಿಯೋ ಏನೋ, ನಾನು ಕೇಳಲಿಲ್ಲ. ಆ ಬೆಟ್ಟದ ಬಗ್ಗೆ ಏನು ಕೇಳಿದರೂ "ನಿನಗೆ ಅರ್ಥವಾಗಲ್ಲ ಬಿಡು" ಎನ್ನುವುದು ಅವನಿಗೆ ಅಭ್ಯಾಸವಾಗಿತ್ತು.

ಅವನ ಬೂದಿಯನ್ನು ಅಂಚೆಯಲ್ಲಿ ಕಳಿಸಿದ್ದೇನೆ. ಅಂಚೆ ಕಚೇರಿಯ ಹುಡುಗಿ "ಒಳಗೆ ಏನಿದೆ ಅಜ್ಜಿ?" ಅಂದಳು. "ನನ್ನ ಗಂಡ" ಅಂದೆ. ಪಾಪ, ಸೀಲು ಒತ್ತುವುದನ್ನೇ ಮರೆತು ನಿಂತುಬಿಟ್ಟಳು. ಅವನನ್ನು ಹಾಕಿರುವುದು ಗಿಳಿ ಚಿತ್ರವಿರುವ ದುಂಡು ತಗಡಿನ ಡಬ್ಬಿಯಲ್ಲಿ. ಪ್ರತಿ ಅಕ್ಟೋಬರಿನಲ್ಲಿ ಅವನು ಕಾರ್ ರೇಸು ನೋಡಲು ಬೆಟ್ಟಕ್ಕೆ ಹೊರಡುವಾಗ ನಾನು ಹಣ್ಣಿನ ಕೇಕು ತುಂಬಿ ಕೊಡುತ್ತಿದ್ದುದು ಅದರಲ್ಲೇ. ಆ ಬೆಟ್ಟ ಕಂಡಿರುವ ನನ್ನ ವಸ್ತು ಅದೊಂದೇ. ದಯವಿಟ್ಟು ಬೇರೆ ಯಾವುದಕ್ಕೂ ಸುರಿಯಬೇಡಿ.

ಕೋರಲ್ ಟಾಲಿಡೇ


ಬಾಥರ್ಸ್ಟ್, ನ್ಯೂ ಸೌತ್ ವೇಲ್ಸ್
೧೧ ಜುಲೈ ೨೦೨೨

ಪ್ರಿಯ ಕೋರಲ್,

ಡಬ್ಬಿ ಬಂದಿದೆ. ಸದ್ಯಕ್ಕೆ ಅಡುಗೆಮನೆಯ ಕಿಟಕಿಯಲ್ಲಿ, ಬೆಟ್ಟ ಕಾಣುವ ಹಾಗೆ ಇಟ್ಟಿದ್ದೇನೆ. ದಿನಾ ಬೆಳಿಗ್ಗೆ ಅದಕ್ಕೆ ಎರಡು ಮಾತು ಬೈಯುತ್ತೇನೆ, ಬದುಕಿದ್ದಾಗ ಬೈದ ಹಾಗೆಯೇ. ತಿರುಗಿಸಿ ಬೈಯಲು ಅವನಿಲ್ಲ ಎನ್ನುವುದೇ ಕಷ್ಟ. ಮೂರು ದಿನದ ಮರಳುಗಾಡು ದಾಟಿ ಕಾರಿನಿಂದ ಇಳಿಯುತ್ತಿದ್ದಂತೆ ಅವನ ಮೊದಲ ಮಾತು ಯಾವಾಗಲೂ ಒಂದೇ: "ಏನಯ್ಯಾ ಫೋರ್ಡು, ಇನ್ನೂ ಸತ್ತಿಲ್ವಾ?" ನಾನು "ನಿನ್ನ ಹೋಲ್ಡನ್ ಇಲ್ಲಿಗೆ ಬಂದು ಮುಟ್ಟಿತಲ್ಲ, ಅದನ್ನ ನೋಡಿ ಸಾಯೋಣ ಅಂತಿದ್ದೆ" ಅನ್ನುತ್ತಿದ್ದೆ. ಆಮೇಲೆ ಇಬ್ಬರ ಡೇರೆಗಳ ನಡುವೆ ಹಗ್ಗ ಕಟ್ಟುತ್ತಿದ್ದೆವು. ಆ ಕಡೆ ಹೋಲ್ಡನ್, ಈ ಕಡೆ ಫೋರ್ಡ್. ಭಾನುವಾರ ಸಂಜೆ ರೇಸಿನಲ್ಲಿ ಯಾರ ಕಾರು ಸೋಲುತ್ತದೋ ಅವನು ಹಗ್ಗ ಬಿಚ್ಚಬೇಕು.

ಗುಂಡಿಯ ಕಥೆ ಕೇಳಿ. ಬೆಟ್ಟಕ್ಕೆ ಒಬ್ಬೊಬ್ಬರು ಇಷ್ಟೇ ಬಿಯರ್ ತರಬೇಕು ಎಂದು ಪೊಲೀಸರು ಕಟ್ಟಪ್ಪಣೆ ಮಾಡಿದ ಮೇಲೆ ನಮ್ಮ ಜನ ಕೈಕಟ್ಟಿ ಕೂತರೇ? ಆಗಸ್ಟಿನಲ್ಲಿ ಬೆಟ್ಟ ಖಾಲಿ ಇರುವಾಗ ಸನಿಕೆ ತೆಗೆದುಕೊಂಡು ಹೋಗಿ ಬಿಯರ್ ಹೂತು ಬರುವುದು, ಅಕ್ಟೋಬರಿನಲ್ಲಿ ಅದರ ಮೇಲೆಯೇ ಡೇರೆ ಹಾಕಿ ಅಗೆದು ಕುಡಿಯುವುದು. ನಾನು ಊರಿನವನು, ಹಾಗಾಗಿ ಹೂಳುವ ಕೆಲಸ ನನ್ನದು. ನಮ್ಮ ಗುಂಡಿ ಬೆಟ್ಟದ ನೆತ್ತಿಯಲ್ಲಿ, ಬೇಲಿಯ ದಪ್ಪ ಕಂಬದ ಪಕ್ಕ. ಅಲ್ಲಿ ಕೂತರೆ ಕಾರುಗಳು ಬೆಟ್ಟದಿಂದ ಕೆಳಗೆ ಧುಮುಕುವುದು ಕಾಣುತ್ತದೆ.

ಆಗಿನ ಕಾಲ ನಿಮಗೆ ಹೇಗೆ ಹೇಳಲಿ? ಮನೆ ಮುಂದೆ ನಿಂತಿರುತ್ತಿದ್ದ ಕಾರೇ ಬೆಟ್ಟದ ಮೇಲೂ ಓಡುತ್ತಿತ್ತು. ಕೌರಾದ ಒಬ್ಬ ಹಾಲಿನವನು ತನ್ನ ಟೊರಾನಾ ಕಾರನ್ನು ಊರಿನಿಂದ ಓಡಿಸಿಕೊಂಡೇ ಬಂದು ರೇಸಿಗೆ ಇಳಿದಿದ್ದ. ಹಿಂದಿನ ಸೀಟು ಕಿತ್ತ ಜಾಗದಲ್ಲಿ ಮಕ್ಕಳ ಬಿಸ್ಕತ್ತಿನ ಪುಡಿ ಹಾಗೇ ಬಿದ್ದಿತ್ತು. ನಮ್ಮ ಕಂಬದ ಎದುರೇ ಜಾರಿ ಬೇಲಿಗೆ ಗುದ್ದಿಕೊಂಡ. ಇಳಿದು ಬಂದು ರೆಕ್ಸ್‌ನ ಪಕ್ಕ ಕೂತು "ಸೋಮವಾರ ಹಾಲು ಹೆಂಗಪ್ಪಾ ಹಾಕೋದು?" ಎಂದು ತಲೆ ಮೇಲೆ ಕೈ ಹೊತ್ತ. ರೆಕ್ಸ್ ಅವನಿಗೆ ನಿಮ್ಮ ಕೇಕು ಕೊಟ್ಟ. ಈಗ ಓಡುವವು ಕಾರುಗಳಲ್ಲ ಕೋರಲ್, ಕೊಳವೆಗಳ ಗೂಡು. ಮೇಲೆ ಒಂದು ಹೆಸರು ಅಂಟಿಸಿರುತ್ತಾರೆ, ಅಷ್ಟೆ. ನನ್ನ ಫೋರ್ಡ್ ಕಾರ್ಖಾನೆಯೂ ಮುಚ್ಚಿತು, ಅವನ ಹೋಲ್ಡನ್ನಿನದೂ ಮುಚ್ಚಿತು. ಕಿತ್ತಾಡಲು ನಮಗೆ ಉಳಿದಿದ್ದುದು ನಾವಿಬ್ಬರೇ.

ಆಗಸ್ಟಿನಲ್ಲಿ ಇಡುತ್ತೇನೆ. ಹೋಲ್ಡನ್ನಿನವನಿಗೆ ಗುಂಡಿ ತೋಡುವ ಭಾಗ್ಯ ಫೋರ್ಡಿನವನಿಗೆ ಬಂತಲ್ಲ, ಅವನು ಅಲ್ಲಿಂದಲೇ ನಗುತ್ತಿರುತ್ತಾನೆ.

ಡಾರ್ಸಿ


ಕಾಲ್‌ಗೂರ್ಲಿ
೩ ಆಗಸ್ಟ್ ೨೦೨೨

ಡಾರ್ಸಿಯವರೇ,

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಗಂಡ ಹೋದ ಮೇಲೆ ಅವನ ಬಗ್ಗೆ ಹೊಸ ಸುದ್ದಿ ಬಂದರೆ ಹೇಗಿರುತ್ತದೆ ಗೊತ್ತೇ? ಹಾಲಿನವನ ಕಥೆ ನನಗೆ ಗೊತ್ತಿರಲಿಲ್ಲ. ಡಬ್ಬಿ ಖಾಲಿಯಾಗಿ ಬರುತ್ತಿತ್ತು, "ಹೇಗಿತ್ತು?" ಅಂದರೆ "ಪರವಾಗಿಲ್ಲ" ಅನ್ನುತ್ತಿದ್ದ. ಯಾರಿಗೋ ಹಂಚಿ ಕೈತೊಳೆದುಕೊಳ್ಳುತ್ತಾನೆ ಅಂದುಕೊಂಡಿದ್ದೆ.

ನಿಮಗೆ ಒಂದು ಮಾತು ನೇರವಾಗಿ ಹೇಳುತ್ತೇನೆ. ಆ ಬೆಟ್ಟದ ಮೇಲೆ ನನಗೆ ಸವತಿಯ ಮೇಲಿನ ಸಿಟ್ಟಿತ್ತು. ಜೆನೀನ್ ಹುಟ್ಟಿದ್ದು ಅಕ್ಟೋಬರಿನಲ್ಲಿ. ಅವಳ ಒಂದು ಹುಟ್ಟುಹಬ್ಬಕ್ಕೂ ಅಪ್ಪ ಮನೆಯಲ್ಲಿರಲಿಲ್ಲ. ನಾನೂ ಬರುತ್ತೇನೆ ಎಂದರೆ "ಅಲ್ಲಿ ಹೆಂಗಸರಿಗೆ ಸರಿಹೋಗಲ್ಲ" ಎನ್ನುತ್ತಿದ್ದ. ಈ ಮನೆಯಲ್ಲಿ ನನ್ನ ಜೊತೆಗಿದ್ದವನು ಹೆಚ್ಚು ಮಾತಿಲ್ಲದ ಗಣಿ ಕೆಲಸದವನು. ನೀವು ಬರೆದಿರುವ, ಹಾಲಿನವನನ್ನು ಪಕ್ಕ ಕೂರಿಸಿಕೊಂಡು ಕೇಕು ಕೊಟ್ಟ ಆಸಾಮಿಯನ್ನು ನಾನು ನೋಡಿಯೇ ಇಲ್ಲ. ಅವನನ್ನು ಒಂದು ಸಲ ನೋಡಬೇಕು ಅನ್ನಿಸುತ್ತಿದೆ. ಈಗ ಅನ್ನಿಸಿ ಏನು ಬಂತು?

ಅಲ್ಲಿ ಅವನು ನನ್ನ ಹೆಸರು ಯಾವತ್ತಾದರೂ ಎತ್ತಿದ್ದನೇ? ನಿಜ ಹೇಳಿ, ಬೇಜಾರಿಲ್ಲ.

ಇನ್ನೊಂದು ವಿಷಯ. ಡಬ್ಬಿಯ ಮೇಲೆ ಎರಡು ಬಿಯರ್ ಕ್ಯಾನ್ ಇಡಿ. ಇಷ್ಟು ವರ್ಷ ಅದಕ್ಕಾಗಿ ಅವನನ್ನು ಕಾಡಿದ್ದೇನೆ, ಈಗ ನಾನೇ ಕೊಡಿಸಿದೆ ಎಂದು ಹೇಳಿ ಇಡಿ.

ಕೋರಲ್


ಬಾಥರ್ಸ್ಟ್
೨೨ ಆಗಸ್ಟ್ ೨೦೨೨

ಪ್ರಿಯ ಕೋರಲ್,

ನಿನ್ನೆ ಕೆಲಸ ಮುಗಿಯಿತು. ಬೆಳಿಗ್ಗೆ ಹಿಮ ಬಿದ್ದಿತ್ತು, ನೆಲ ಕಲ್ಲಿನಂತಾಗಿತ್ತು. ನನ್ನ ಮಂಡಿಗಳು ಈಗ ಮಾತು ಕೇಳುವುದಿಲ್ಲ, ಅರ್ಧ ಅಗೆದು ಕೂತು, ಮತ್ತೆ ಎದ್ದು ಅಗೆದೆ. ದಪ್ಪ ಕಂಬದ ಪಕ್ಕ, ನಮ್ಮ ಹಳೆಯ ಗುಂಡಿಯಲ್ಲೇ ಇಟ್ಟಿದ್ದೇನೆ. ಗಿಳಿಯ ಮುಖ ಕಾರುಗಳು ಬರುವ ದಿಕ್ಕಿಗಿದೆ. ಮೇಲೆ ನಿಮ್ಮ ಎರಡು ಕ್ಯಾನ್. "ಕೋರಲ್ ಕೊಡಿಸಿದ್ದು ಕಣಯ್ಯಾ, ಕುಡಿ" ಎಂದು ಗಟ್ಟಿಯಾಗಿಯೇ ಹೇಳಿದೆ. ಬೇಲಿಯಾಚೆ ಮೇಯುತ್ತಿದ್ದ ಕುರಿಗಳು ತಲೆ ಎತ್ತಿ ನೋಡಿದವು.

ನಿಮ್ಮ ಪ್ರಶ್ನೆಗೆ ಉತ್ತರ. ಹೆಸರು ಎತ್ತುತ್ತಿರಲಿಲ್ಲ, "ನಮ್ಮವಳು" ಅನ್ನುತ್ತಿದ್ದ. ಕೇಕು ಕುಯ್ಯುವಾಗ ಎಲ್ಲರ ಟೋಪಿ ತೆಗೆಸುತ್ತಿದ್ದ. "ನಮ್ಮವಳ ಕೈ ಅಡುಗೆ, ತಲೆ ಬಗ್ಗಿಸಿ ತಿನ್ನಿ" ಎಂದು ಹೇಳಿ ಮೊದಲ ತುಂಡು ತನಗೇ ಇಟ್ಟುಕೊಳ್ಳುತ್ತಿದ್ದ. ಒಂದು ವರ್ಷ ಪಕ್ಕದ ಡೇರೆಯವನೊಬ್ಬ ಕೇಕು ಒಣಗಿದೆ ಅಂದ. ರೆಕ್ಸ್ ಅವನ ತಟ್ಟೆ ಕಿತ್ತುಕೊಂಡು "ಎದ್ದು ಹೋಗು, ನಿನ್ನ ನಾಲಿಗೆಗೆ ಇದು ದಕ್ಕಲ್ಲ" ಅಂದ. ಅವನು ನಿಜವಾಗಿಯೂ ಎದ್ದು ಹೋದ.

ಇದನ್ನು ಮನೆಯಲ್ಲಿ ಹೇಳದೆ ಬೆಟ್ಟದ ಮೇಲೆ ಯಾಕೆ ಹೇಳುತ್ತಿದ್ದ ಎಂದು ನನ್ನನ್ನು ಕೇಳಬೇಡಿ. ನಮ್ಮ ಗಂಡಸರೇ ಹಾಗೆ.

ಡಾರ್ಸಿ


ಕಾಲ್‌ಗೂರ್ಲಿ
೮ ಸೆಪ್ಟೆಂಬರ್ ೨೦೨೨

ಪ್ರಿಯ ಡಾರ್ಸಿ,

ನಾನು ಬರುತ್ತಿದ್ದೇನೆ. ರೈಲಿನಲ್ಲಿ ಸಿಡ್ನಿಗೆ ಬಂದು, ಅಲ್ಲಿಂದ ಇನ್ನೊಂದು ರೈಲಿಗೆ ನಿಮ್ಮೂರಿಗೆ. ಜೆನೀನ್ "ಈ ಕೆಮ್ಮು ಇಟ್ಟುಕೊಂಡು, ಈ ವಯಸ್ಸಲ್ಲಿ ಬೇಕಾ ಅಮ್ಮಾ?" ಅಂದಳು. "ಇನ್ಯಾವ ವಯಸ್ಸಲ್ಲೇ?" ಅಂದೆ. ಭಾನುವಾರ ರೇಸು ನಡೆಯುವಾಗ ಅವನ ಪಕ್ಕ ಕೂತುಕೊಳ್ಳಬೇಕು, ನನಗೆ ಇರುವುದು ಅದೊಂದೇ ಆಸೆ. ಅವನು ಏನು ನೋಡುತ್ತಿದ್ದನೋ ಅದನ್ನು ಅವನ ಜೊತೆ ನೋಡಿ ಬಂದರೆ ಸಾಕು. ಕೇಕು ತರುತ್ತೇನೆ. ಟೋಪಿ ತೆಗೆದಿಟ್ಟುಕೊಂಡಿರಿ.

ಕೋರಲ್


ಬಾಥರ್ಸ್ಟ್
೨೧ ಸೆಪ್ಟೆಂಬರ್ ೨೦೨೨

ಮ್ಯಾನೇಜರ್,
ಬ್ರಾಕೆನ್‌ಬರಿ ಭದ್ರತಾ ಸೇವೆ

ಸ್ವಾಮಿ,

ಕಳೆದ ವಾರ ನಿಮ್ಮ ಜನ ಲೋಹ ಹುಡುಕುವ ಯಂತ್ರ ಹಿಡಿದು ಬೆಟ್ಟದ ಕ್ಯಾಂಪ್ ಜಾಗವನ್ನೆಲ್ಲ ಜಾಲಾಡಿ, ಹೂತಿಟ್ಟಿದ್ದ ಬಿಯರನ್ನೆಲ್ಲ ತೆಗೆದರು ಎಂದು ಪಬ್ಬಿನಲ್ಲಿ ಕೇಳಿದೆ. ಆ ಬಗ್ಗೆ ನನ್ನ ತಕರಾರಿಲ್ಲ. ನಿಮ್ಮ ಕೆಲಸ ನೀವು ಮಾಡಿದ್ದೀರಿ.

ಆದರೆ ಓಡಿ ಹೋಗಿ ನೋಡಿದರೆ ದಪ್ಪ ಕಂಬದ ಪಕ್ಕದ ಗುಂಡಿ ಬಾಯಿ ಬಿಟ್ಟುಕೊಂಡಿದೆ. ಅಲ್ಲಿ ಗಿಳಿ ಚಿತ್ರದ ದುಂಡು ತಗಡಿನ ಡಬ್ಬಿ ಒಂದಿತ್ತು. ಅದರೊಳಗೆ ಇದ್ದುದು ಬಿಯರಲ್ಲ, ನನ್ನ ಸ್ನೇಹಿತ. ಅವನ ಹೆಸರು ರೆಕ್ಸ್ ಟಾಲಿಡೇ. ಹೆಂಡತಿ ಮುಂದಿನ ತಿಂಗಳು ಅವನನ್ನು ನೋಡಲು ದೇಶದ ಆ ತುದಿಯಿಂದ ಬರುತ್ತಿದ್ದಾಳೆ. ಡಬ್ಬಿ ನಿಮ್ಮಲ್ಲಿ ಯಾವುದಾದರೂ ಮೂಲೆಯಲ್ಲಿದ್ದರೆ ಹೇಳಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಯಾರ ಮೇಲೂ ದೂರು ಕೊಡುವುದಿಲ್ಲ. ಕೈಮುಗಿದು ಕೇಳುತ್ತಿದ್ದೇನೆ.

ಡಾರ್ಸಿ ಹ್ಯಾನಫರ್ಡ್


ಬ್ರಾಕೆನ್‌ಬರಿ ಭದ್ರತಾ ಸೇವೆ
೨೭ ಸೆಪ್ಟೆಂಬರ್ ೨೦೨೨

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ತಾವು ತಿಳಿಸಿದ ಸ್ಥಳದಲ್ಲಿ ಒಂದು ತಗಡಿನ ಡಬ್ಬಿ ದೊರೆತದ್ದು ನಿಜ. ಅದರ ಮೇಲೆ ಎರಡು ಬಿಯರ್ ಕ್ಯಾನ್‌ಗಳು ಇದ್ದುದರಿಂದ ನಮ್ಮ ಸಿಬ್ಬಂದಿ ಅದನ್ನು ಅಕ್ರಮ ಮದ್ಯದ ದಾಸ್ತಾನು ಎಂದು ಪರಿಗಣಿಸಿ ಹೊರತೆಗೆದಿದ್ದಾರೆ. ಕ್ಯಾನ್‌ಗಳು ಇಲ್ಲದಿದ್ದಲ್ಲಿ ಅದನ್ನು ಮುಟ್ಟುತ್ತಿರಲಿಲ್ಲ ಎಂದು ಅವರು ತಿಳಿಸಿದ್ದಾರೆ. ಡಬ್ಬಿಯಲ್ಲಿದ್ದುದನ್ನು ಕ್ಯಾಂಪಿನ ಒಲೆಯ ಬೂದಿ ಎಂದು ಭಾವಿಸಿ ಕಸದ ಲಾರಿಗೆ ಸುರಿಯಲಾಗಿದ್ದು, ಡಬ್ಬಿಯನ್ನು ಕ್ಯಾನ್‌ಗಳ ಜೊತೆ ಜಜ್ಜಿ ವಿಲೇವಾರಿ ಮಾಡಲಾಗಿದೆ. ಹಿಂದಿರುಗಿಸಲು ಸಾಧ್ಯವಿಲ್ಲ.

ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.


ಬಾಥರ್ಸ್ಟ್
೨೮ ಸೆಪ್ಟೆಂಬರ್ ೨೦೨೨

ಕೋರಲ್,

ಇದನ್ನು ಎಕ್ಸ್‌ಪ್ರೆಸ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಈ ವರ್ಷ ಬರಬೇಡಿ. ಮಳೆ ನಿಂತಿಲ್ಲ, ಬೆಟ್ಟದ ಮೇಲೆ ಮೊಣಕಾಲುದ್ದ ಕೆಸರು. ಕೂರಲು ಜಾಗವಿಲ್ಲ. ಕುಡಿದು ಕೂಗಾಡುವ ಹುಡುಗರು ಬೇರೆ. ನಿಮ್ಮ ಕೆಮ್ಮಿಗೆ ಈ ಚಳಿ ಆಗಿಬರುವುದಿಲ್ಲ. ಮುಂದೆ ಯಾವಾಗಲಾದರೂ, ಬೇಸಿಗೆಯಲ್ಲಿ, ಯಾರೂ ಇಲ್ಲದಾಗ ಬನ್ನಿ.

ಡಾರ್ಸಿ


ಅಡಿಲೇಡ್, ರೈಲು ನಿಲ್ದಾಣ (ಕಾರ್ಡು)
೪ ಅಕ್ಟೋಬರ್ ೨೦೨೨

ಡಾರ್ಸಿಯವರೇ, ನಿಮ್ಮ ಕಾಗದ ಹೊರಡುವ ಹಿಂದಿನ ದಿನ ಕೈಸೇರಿತು. "ಅಲ್ಲಿ ಹೆಂಗಸರಿಗೆ ಸರಿಹೋಗಲ್ಲ" ಎನ್ನುವುದನ್ನು ಮದುವೆಯಾದಾಗಿನಿಂದ ಕೇಳಿದ್ದೇನೆ. ಅವನು ಹೇಳುತ್ತಿದ್ದ, ಈಗ ನೀವು ಶುರು ಮಾಡಿದಿರಿ. ಆ ಬೆಟ್ಟ ನಿಮ್ಮಿಬ್ಬರದೇ ಆಸ್ತಿಯೇ? ನನಗೂ ಅಲ್ಲಿ ಅರ್ಧ ಪಾಲಿದೆ, ನೆಲದ ಕೆಳಗೆ. ಶುಕ್ರವಾರ ಸಂಜೆಯ ರೈಲಿಗೆ ಬರುತ್ತೇನೆ. ಬಂದು ಕರೆದುಕೊಂಡು ಹೋದರೆ ಸಂತೋಷ, ಇಲ್ಲದಿದ್ದರೆ ದಾರಿ ಕೇಳಿಕೊಂಡು ಹೋಗುತ್ತೇನೆ. ಕೋರಲ್


ಕಾಲ್‌ಗೂರ್ಲಿ
೨೦ ಅಕ್ಟೋಬರ್ ೨೦೨೨

ಪ್ರಿಯ ಡಾರ್ಸಿ,

ಆ ಕಾರ್ಡಿನಲ್ಲಿ ಬರೆದದ್ದನ್ನು ಮರೆತುಬಿಡು. ಇನ್ನು ಮೇಲೆ ನಿನ್ನನ್ನು ಏಕವಚನದಲ್ಲೇ ಕರೆಯುತ್ತೇನೆ. ಕೆಸರಿನಲ್ಲಿ ನಿನ್ನ ತೋಳು ಹಿಡಿದು ಬೆಟ್ಟ ಹತ್ತಿದ ಮೇಲೆ ಇನ್ನು ಬಹುವಚನ ಯಾಕೆ?

ನೀನು ಯಾಕೆ ಬರಬೇಡ ಅಂದೆ ಎಂದು ಅಲ್ಲಿ ಹೋದ ಮೇಲೆ ಗೊತ್ತಾಯಿತು. ನನ್ನ ಮುಂದೆ ಅಳಬೇಕಾಗುತ್ತದೆ ಎಂಬ ಹೆದರಿಕೆ ನಿನಗೆ. ಆ ದಪ್ಪ ಕಂಬದ ಹತ್ತಿರ ಬಂದಾಗ ನಾನು ಕಲ್ಲಿನ ಹಾಗೆ ನಿಂತಿದ್ದೆ, ನೀನು ಟೋಪಿ ತೆಗೆದು ಮುಖ ಮುಚ್ಚಿಕೊಂಡೆ. ಅವನನ್ನು ನನಗಿಂತ ಹೆಚ್ಚು ಕಳೆದುಕೊಂಡವನು ನೀನು. ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಸಮಾಧಾನವಾಯಿತು.

ನೀನು ಮುಚ್ಚಿದ್ದ ಮಣ್ಣಿನ ಮೇಲೆ ಕೈಯಿಟ್ಟು ಕೂತೆನಲ್ಲ, ಅದನ್ನು ನಿನಗೆ ಹೇಳಲೇಬೇಕು. ಕಾರುಗಳು ಹತ್ತಿ ಬಂದಾಗ ನೆಲ ಅದುರಿತು. ಆ ಅದುರು ಅಂಗೈಯಿಂದ ಎದೆಗೆ ಬಂತು. ಓಹೋ, ಇದಕ್ಕೇ ಬರುತ್ತಿದ್ದೆಯಾ ಪುಣ್ಯಾತ್ಮಾ ಎಂದುಕೊಂಡೆ. ಅವನು ಕೆಳಗಿದ್ದು ಅದೇ ಅದುರನ್ನು ಕೇಳುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ನಮ್ಮ ಸಂಸಾರದಲ್ಲಿ ನಾವಿಬ್ಬರೂ ಒಂದೇ ಹೊತ್ತಿನಲ್ಲಿ ಒಂದನ್ನೇ ಕೇಳಿದ್ದು ಇದೇ ಮೊದಲು.

ಕಡೆಗೆ ಹೋಲ್ಡನ್ನೇ ಗೆದ್ದಿತಲ್ಲ! ಪಕ್ಕದ ಗಡ್ಡದವನು ಮಗುವಿನ ಹಾಗೆ ಅಳುತ್ತಿದ್ದ. "ಕಂಪನಿನೇ ಇಲ್ಲ ಅಜ್ಜಿ, ಬರೀ ಹೆಸರು" ಅಂದ. "ಹಾಗಾದರೆ ಯಾಕಪ್ಪಾ ಅಳ್ತೀಯಾ?" ಅಂದೆ. "ಹೆಸರಾದರೂ ಇತ್ತಲ್ಲ" ಅಂದ. ನೀನು ಹಗ್ಗ ಬಿಚ್ಚುತ್ತಿದ್ದೆ. ಸೋತದ್ದಕ್ಕೆ ಇಷ್ಟು ದುಃಖವೇ ಎಂದು ನಿನ್ನನ್ನು ರೇಗಿಸಬೇಕೆಂದಿದ್ದೆ, ಮುಖ ನೋಡಿ ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡೆ.

ಈಗ ನಿನಗೆ ಹೇಳದೆ ಬಂದ ವಿಷಯ. ಅದು ಬರೀ ಕೆಮ್ಮಲ್ಲ. ಪರ್ತ್‌ನ ಡಾಕ್ಟರು ಮುಂದಿನ ಅಕ್ಟೋಬರಿನ ಮಾತೇ ಎತ್ತುತ್ತಿಲ್ಲ. ಹೆದರಿಕೆ ಇತ್ತು, ಬೆಟ್ಟ ನೋಡಿ ಬಂದ ಮೇಲೆ ಕಡಿಮೆಯಾಗಿದೆ. ಎಲ್ಲಿಗೆ ಹೋಗಬೇಕು ಎಂದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ನನ್ನನ್ನೂ ಆ ಗುಂಡಿಯಲ್ಲೇ ಇಡು. ಗಿಳಿ ಡಬ್ಬಿ ಜೋಡಿಯಾಗಿ ಕೊಂಡದ್ದು, ಇನ್ನೊಂದು ನನ್ನ ಹತ್ತಿರವಿದೆ. ಜೆನೀನ್‌ಗೆ ಹೇಳಿಟ್ಟಿದ್ದೇನೆ.

ಕೋರಲ್


ಬಾಥರ್ಸ್ಟ್
೪ ನವೆಂಬರ್ ೨೦೨೨

ಕೋರಲ್,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆದು ಹರಿದೆ, ಮತ್ತೆ ಬರೆದು ಮತ್ತೆ ಹರಿದೆ. ನಿಮ್ಮ ಸುದ್ದಿಗೆ ಏನು ಹೇಳಲಿ? ನನಗೆ ದುಃಖವಾಗಿದೆ.

ಬೇರೆ ಜಾಗ ಯೋಚಿಸಬಾರದೇ? ನಿಮ್ಮೂರಿನಲ್ಲಿ, ಮಗಳು ಹೂವಿಡಲು ಬರುವ ಹಾಗೆ, ಹತ್ತಿರದಲ್ಲಿ? ಬೆಟ್ಟ ಮೊದಲಿನ ಬೆಟ್ಟವಲ್ಲ. ಮುಂದಿನ ವರ್ಷ ಓಡುವ ಕಾರುಗಳಲ್ಲಿ ಹೋಲ್ಡನ್ ಹೆಸರೂ ಇರುವುದಿಲ್ಲ. ಬರಲೇಬೇಕು ಎಂದರೆ ಮರದ ಪೆಟ್ಟಿಗೆಯಲ್ಲಿ ಬನ್ನಿ. ತಗಡು ತುಕ್ಕು ಹಿಡಿಯುತ್ತದೆ.

ಡಾರ್ಸಿ


ಕಾಲ್‌ಗೂರ್ಲಿ
೧೯ ನವೆಂಬರ್ ೨೦೨೨

ಪ್ರಿಯ ಡಾರ್ಸಿ,

ಮತ್ತೆ ಬಹುವಚನಕ್ಕೆ ಹೋದೆಯಾ? ಈಗ ಅಕ್ಷರ ಜೆನೀನಳದು, ಮಾತು ನನ್ನದು. ಕೈ ನಡುಗುತ್ತದೆ.

ಬೇರೆ ಜಾಗ ಬೇಡ. ಒಂದು ಸಂಸಾರದಷ್ಟು ಕಾಲ ಅವನು ಅಲ್ಲಿ, ನಾನು ಇಲ್ಲಿ ಇದ್ದಾಯಿತು. ತುಕ್ಕು ಹಿಡಿದರೆ ಇನ್ನೂ ಒಳ್ಳೆಯದೇ ಆಯಿತು, ಎರಡೂ ಡಬ್ಬಿ ಕರಗಿ ಒಂದಾಗಲಿ. ತಗಡಿನಲ್ಲೇ ಬರುತ್ತೇನೆ. ಜೋಡಿ ಒಡೆಯಬಾರದು.

ನನ್ನನ್ನು ಕಾಡುತ್ತಿರುವ ಚಿಂತೆ ಒಂದೇ. ನಿನ್ನ ಕೈ ಮೊದಲಿನಷ್ಟು ಗಟ್ಟಿಯಿಲ್ಲ, ನೋಡಿದೆನಲ್ಲ. ನನಗಾಗಿ ಅಗೆಯುವಾಗ ಸನಿಕೆ ಅವನ ಡಬ್ಬಿಗೆ ತಾಗಿಬಿಟ್ಟರೆ? ಅವನಿಗೆ ನೋವಾಗದು, ಗೊತ್ತು. ಆದರೂ ಅದನ್ನು ನೆನೆದರೆ ನಿದ್ದೆ ಬರುವುದಿಲ್ಲ. ತಾಗುವುದಿಲ್ಲ ಎಂದು ಒಂದು ಮಾತು ಬರೆದು ಕಳಿಸು. ಬೇಗ ಕಳಿಸು.

ಕೋರಲ್


ಬಾಥರ್ಸ್ಟ್
೨೬ ನವೆಂಬರ್ ೨೦೨೨

ಪ್ರಿಯ ಕೋರಲ್,

ಆಗಲಿ, ತಗಡಿನಲ್ಲೇ ಬಾ. ಬಿಯರ್ ಇಡುವುದಿಲ್ಲ. ಆಗಸ್ಟಿನಲ್ಲೂ ಹೂಳುವುದಿಲ್ಲ. ರೇಸು ಮುಗಿದು, ಡೇರೆಗಳೆಲ್ಲ ಕಿತ್ತು, ಬೆಟ್ಟ ಖಾಲಿಯಾದ ಮೇಲೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ನಮ್ಮ ಅಡುಗೆಮನೆಯ ಕಿಟಕಿಯಲ್ಲಿರು, ಬೆಟ್ಟ ಕಾಣುತ್ತದೆ. ನಿನ್ನನ್ನು ಬೈಯುವುದಿಲ್ಲ. ಬೆಳಿಗ್ಗೆ ಟೀ ಮಾಡುವಾಗ ಮಾತಾಡಿಸುತ್ತೇನೆ.

ಮೊನ್ನೆ ಬೆಟ್ಟಕ್ಕೆ ಹೋಗಿದ್ದೆ. ಹುಲ್ಲು ಬೆಳೆದು ಗುಂಡಿಯ ಗುರುತೇ ಇಲ್ಲ, ಕಂಬ ಮಾತ್ರ ಇದೆ. ಬಹಳ ಹೊತ್ತು ಕೂತಿದ್ದೆ. "ಏನಯ್ಯಾ ಫೋರ್ಡು" ಎಂದು ಯಾರೂ ಕರೆಯಲಿಲ್ಲ.

ನೀನು ಕೇಳಿದ ಮಾತು ಬರೆಯುತ್ತಿದ್ದೇನೆ, ಜೆನೀನ್ ನಿನಗೆ ಗಟ್ಟಿಯಾಗಿ ಓದಿ ಹೇಳಲಿ. ಎಷ್ಟು ಆಳ ಅಗೆದರೂ, ನನ್ನ ಕೈ ಎಷ್ಟೇ ನಡುಗಿದರೂ ಸನಿಕೆ ಅವನ ಡಬ್ಬಿಗೆ ತಾಗುವುದಿಲ್ಲ ಕೋರಲ್. ಅದನ್ನು ನಾನು ಆಣೆಯಿಟ್ಟು ಹೇಳಬಲ್ಲೆ. ನಿದ್ದೆ ಮಾಡು.

ಡಾರ್ಸಿ